ಪೆಟ್ಟು, ಪಟ್ಟು

ಗುರುವಾರ ಸಂಜೆ, ಅಂಗಡಿಯ ಕತ್ತಿಗಳನ್ನೆಲ್ಲ ತೊಳೆದಿಟ್ಟು
ಲ್ಯಾಂಕಾಶೈರಿನ ಲೀ ಪಟ್ಟಣದ ಕಾಲುವೆ ದಾಟುತ್ತೇನೆ.
ಮುಚ್ಚಿಹೋದ ಪಬ್ಬಿನ ಹಿಂದೆ ತಗಡಿನ ಶೆಡ್ಡು,
ಒಳಗೆ ಬೆರಿಲ್ ಅನ್ಸ್‌ವರ್ತ್, ವಯಸ್ಸು ಎಪ್ಪತ್ತಮೂರು.
ಗಂಟೆಗೆ ಹನ್ನೆರಡು ಪೌಂಡು; ಚಹಾ ಸೇರಿ, ಬಿಸ್ಕತ್ತು ಇಲ್ಲ.
ಮೊದಲರ್ಧ ಪೆಟ್ಟು, ಉಳಿದರ್ಧ ಪಟ್ಟು.
ನಡುವೆ ಅವಳು ಹಲ್ಲಿನ ಸೆಟ್ಟು ತೆಗೆದು
ಬಟ್ಟಲಿಗೆ ಹಾಕುವಷ್ಟು ಬಿಡುವು.

ಕೈಗೆ ಪಟ್ಟಿ ಸುತ್ತುವುದಕ್ಕೇ ಹತ್ತು ನಿಮಿಷ.
ಹೆಬ್ಬೆರಳಿಂದ ಶುರು, ಮಣಿಕಟ್ಟಿಗೆ ಮೂರು ಸುತ್ತು,
ಆಮೇಲೆ ಬೆರಳ ಸಂದಿಗಳಲ್ಲಿ, ಜಡೆ ಹೆಣೆದ ಹಾಗೆ.
ದಿನವಿಡೀ ಹಂದಿಯ ಪಕ್ಕೆ ಕೊಯ್ಯುವ ಕೈ ಇದು,
ಇಷ್ಟು ಜೋಪಾನವಾಗಿ ಇದನ್ನು ಯಾರೂ ಕಟ್ಟಿದ್ದಿಲ್ಲ.

ಮೆತ್ತೆ ತೊಟ್ಟ ಅಂಗೈ ಎತ್ತಿ, "ಹೊಡಿ" ಅನ್ನುತ್ತಾಳೆ.
ಹೊಡೆಯುತ್ತೇನೆ.
"ಕದ ತಟ್ಟಿದೆಯಾ? ಮನೆಯಲ್ಲಿ ಯಾರೂ ಇಲ್ಲ. ಹೊಡಿ."
ಹೊಡೆಯುತ್ತೇನೆ.
"ಹೊಡೆಯುವಾಗ ಕಣ್ಣು ಮುಚ್ಚುತ್ತೀಯ.
ಯಾರ ಮುಖ ಕಾಣಬಾರದು ಅಂತ?"

ಹೇಳಲಿಲ್ಲ.
ಅಪ್ಪ ಸತ್ತ ವಾರವೇ ಅವನ ಪಂದ್ಯದ ಪಾರಿವಾಳಗಳನ್ನು
ಗೂಡಿನ ಸಮೇತ ಮಾರಿಬಿಟ್ಟ, ನಮ್ಮಣ್ಣ ಗ್ಯಾವಿನ್.
ಒಂದು ಮಾತ್ರ ಮೂರು ಸಲ ವಾಪಸು ಬಂತು.
ಗೂಡಿದ್ದ ಜಾಗದ ಮೇಲೆ, ಬರಿ ಗಾಳಿಯಲ್ಲಿ,
ಇಳಿಯಲು ನೋಡುತ್ತಿತ್ತು.

ಆಮೇಲೆ ಚಾಪೆ.
ಚಾಪೆಯೆಂದರೆ ಯಾರದೋ ಮನೆಯ ಹೂವಿನ ಕಾರ್ಪೆಟ್ಟು,
ಅದರಡಿ ಮರದ ಹೊಟ್ಟು.
ಗಣಿಯವರ ಕುಸ್ತಿ ಇದು. ಪಾಳಿ ಮುಗಿಸಿ ಮೇಲೆ ಬಂದವರು,
ತೊಳೆದರೆ ಬೆನ್ನು ಸೋಲುತ್ತದೆಂದು ಬೆನ್ನ ಮಸಿ ಹಾಗೇ ಬಿಟ್ಟು
ಒಬ್ಬರನ್ನೊಬ್ಬರು ಕೆಡವಿ ಕಲಿತದ್ದು.
ಬೆರಿಲಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ;
ಹೊಸ ಪಟ್ಟು ಹೊಳೆದಾಗೆಲ್ಲ
ಉಣ್ಣುತ್ತಿದ್ದ ಇವಳನ್ನೇ ಎಬ್ಬಿಸಿ ಪ್ರಯೋಗ.
ಆಲೂಗಡ್ಡೆ ಆರಿಹೋಯಿತೆಂದು ಅಮ್ಮ ಕೂಗುತ್ತಿದ್ದಳಂತೆ.

"ಪೆಟ್ಟಿಗೆ ಒಂದಿಷ್ಟು ದೂರ ಬೇಕು," ಎನ್ನುತ್ತ
ಹತ್ತಿರ ಬಂದಳು. ಲವಂಗದೆಣ್ಣೆ, ಉಣ್ಣೆ, ಹಳೇ ತಂಬಾಕು.
"ಪಟ್ಟಿಗೆ..." ಎಂದಳೇನೋ, ಉಳಿದದ್ದು ಕೇಳಿಸಲಿಲ್ಲ.
ಕಾರ್ಪೆಟ್ಟಿನ ಗುಲಾಬಿ ನನ್ನ ಕೆನ್ನೆಗೆ ಒತ್ತಿತ್ತು,
ತೋಳು ಬೆನ್ನ ಹಿಂದೆ, ತಾನೆಂದೂ ಕಾಣದ
ಊರಿಗೆ ಹೊರಟಿತ್ತು.
ಐವತ್ತು ಕೇಜಿ ತೂಗದ ಮುದುಕಿ!
ನೋವಾದರೆ ಎರಡು ಸಲ ತಟ್ಟು. ಅಷ್ಟೇ ನಿಯಮ.
ತಟ್ಟಲಿಲ್ಲ.
ಹಲ್ಲು ಕಚ್ಚಿ ಪಾರಿವಾಳ ಎಣಿಸಿದೆ:
ಬೂದಿ ಬಣ್ಣದ್ದು, ಕುಂಟನದ್ದು, ಬಿಳಿರೆಕ್ಕೆಯದು, ಹದಿನಾರು, ಹದಿನೇಳು...
ಅವಳೇ ಬಿಟ್ಟಳು.

"ತಟ್ಟದವರಿಗೆ ನಾನು ಕಲಿಸುವುದಿಲ್ಲ. ದುಡ್ಡು ತಗೊಂಡು ಹೋಗು."
ಹೋಗಲಿಲ್ಲ. ಕೆಟಲು ಕುದಿಯಿತು.
ಕವುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ಕೂತು,
ಹಲ್ಲಿಲ್ಲದ ಬಾಯಲ್ಲಿ, ನನಗಲ್ಲ, ಚಹಾಕ್ಕೆ ಹೇಳಿದಳು:
ಆಸ್ಪತ್ರೆ. ಕಲ್ಲಿದ್ದಲ ಧೂಳು ತುಂಬಿದ ಅಪ್ಪನ ಎದೆ.
ರಾತ್ರಿಯಿಡೀ ಅವನ ಕೈ ಹಿಡಿದು ಕೂತಿದ್ದಳಂತೆ.
ಬೆಳಗಿನ ಜಾವ ಇವಳ ಮಣಿಕಟ್ಟಿನ ಮೇಲೆ
ತಟ್ಟಿದನಂತೆ. ಎರಡು ಸಲ.
"ಜನ್ಮದಲ್ಲಿ ಯಾರಿಗೂ ತಟ್ಟಿದವನಲ್ಲ."
ಚಹಾ ಊದಿದಳು.
"ಅರ್ಥವಾಯಿತು ನನಗೆ. ಆದರೂ ಪಟ್ಟು ಬಿಡಲಿಲ್ಲ.
ನರ್ಸು ಬಂದು ಬಿಡಿಸಿದಳು."

ಮತ್ತೆ ಚಾಪೆ. ಅದೇ ತೋಳು, ಅದೇ ಗುಲಾಬಿ.
ಅವಳು ಮುಟ್ಟುವ ಮೊದಲೇ ತಟ್ಟಿಬಿಟ್ಟೆ.
"ಇಷ್ಟು ಬೇಗ ಬೇಡವೋ, ಪೆದ್ದೆ!" ಎಂದು ನಕ್ಕಳು,
ನಕ್ಕು ನಕ್ಕು ಕೆಮ್ಮಿದಳು.
ಆಮೇಲೆ ಸರಿಯಾಗಿ ಹಿಡಿದಳು.

ಬಸ್ಸಿನಲ್ಲಿ ಬಲಗಿವಿ ಇನ್ನೂ ಬಿಸಿ.
ಕೈಯಲ್ಲಿ ಅವಳ ಹಿತ್ತಲ ರೂಬಾರ್ಬಿನ ಕಟ್ಟು,
ಮೂರು ಪೌಂಡು ಚಿಲ್ಲರೆಯ ಬದಲಿಗೆ.
ಗ್ಯಾವಿನ್‌ನ ಬೀದಿ ಬಂತು.
ನನ್ನ ನಿಲ್ದಾಣವಲ್ಲ, ಇನ್ನೂ ನಾಲ್ಕಿವೆ.
ಬೆರಳು ಹೋಗಿ ಗಂಟೆಯ ಗುಂಡಿ ಒತ್ತಿತು. ಎರಡು ಸಲ.
ಡ್ರೈವರು ಕನ್ನಡಿಯಲ್ಲಿ ನೋಡಿ ಗೊಣಗಿದ:
"ಒಂದು ಸಾಕಿತ್ತು, ಕೇಳಿಸಿತು.
ಇಳಿಯುತ್ತೀಯೋ, ಇಲ್ಲವೋ?"